ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಪೋಸ್ಟ್‌ಡಾಕ್ ಕೆಲಸ: ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಪೋಸ್ಟ್‌ಡಾಕ್ ಹುದ್ದೆ. ಯಾವುದೇ ಪದವಿ ಸಾಕು. ಇಂದೇ ಶುಲ್ಕ ಕಟ್ಟಿ!” ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ಏನು ಮಾಡುತ್ತೀರಿ? ಯಾರಿಗಾದರೂ ಉಪಯೋಗವಾಗಲಿ ಎಂದು ಕಳಿಸಿಬಿಡುತ್ತೇವೆ, ಅಲ್ಲವೇ? ಸ್ವಲ್ಪ ತಾಳಿ. ಅದು ಸುಳ್ಳು ಎನ್ನಲು ಸುಳಿವು ಅದರಲ್ಲೇ ಇದೆ.

ಪೋಸ್ಟ್‌ಡಾಕ್ ಎಂದರೇನು?

ಪಿಎಚ್‌ಡಿ ಮುಗಿಸಿದವರು ಒಬ್ಬ ಹಿರಿಯ ಸಂಶೋಧಕರ ಜೊತೆ ಕೆಲವು ವರ್ಷ ಮಾಡುವ ಸಂಶೋಧನೆಯೇ ಪೋಸ್ಟ್‌ಡಾಕ್. ಪ್ರಬಂಧ ಸಲ್ಲಿಸಿ ಫಲಿತಾಂಶಕ್ಕೆ ಕಾಯುತ್ತಿರುವವರಿಗೂ ಕೆಲವೆಡೆ ಅವಕಾಶವಿದೆ. ಬರೀ ಪದವಿ ಇದ್ದವರಿಗೆ ಇಲ್ಲ. ಇದು ಕಾಯಂ ಸರ್ಕಾರಿ ನೌಕರಿಯೂ ಅಲ್ಲ.

ಸೂಪರ್‌ಕಂಪ್ಯೂಟರ್ ಏಕೆ ಬೇಕು?

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. ಹಳಬರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ 2022ರಲ್ಲಿ ಅಲ್ಲಿಗೆ ‘ಪರಮ್ ಪ್ರವೇಗ’ ಬಂತು. ಸಾಮರ್ಥ್ಯ 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ!

ಹಾಗಂತ ಅದು ಒಂದೇ ದೈತ್ಯ ಕಂಪ್ಯೂಟರ್ ಅಲ್ಲ. ನೂರಾರು ಕಂಪ್ಯೂಟರ್‌ಗಳನ್ನು ವೇಗದ ಜಾಲದಲ್ಲಿ ಜೋಡಿಸಿರುತ್ತಾರೆ. ಹತ್ತು ಜನ ಕೈಹಾಕಿದರೆ ಗದ್ದೆ ನಾಟಿ ಬೇಗ ಮುಗಿಯುತ್ತದೆ. ಆದರೆ ಎಷ್ಟು ಜನ ಬಂದರೂ ದೋಸೆ ಹಿಟ್ಟು ಬೇಗ ಹುದುಗುವುದಿಲ್ಲ. ಯಾವ ಲೆಕ್ಕವನ್ನು ಹಂಚಬಹುದು, ಹೇಗೆ ಹಂಚಬೇಕು ಎಂದು ಕಂಡುಕೊಳ್ಳುವುದೇ ಇಲ್ಲಿನ ಸಂಶೋಧಕರ ಮುಖ್ಯ ಕೆಲಸಗಳಲ್ಲಿ ಒಂದು.

ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಮಾತ್ರವೇ?

ಇದೂ ತಪ್ಪು ಕಲ್ಪನೆ. ಮಳೆಯ ಮುನ್ಸೂಚನೆ, ಔಷಧದ ಅಣುಗಳು, ವಿಮಾನದ ರೆಕ್ಕೆಯ ಸುತ್ತ ಗಾಳಿಯ ಹರಿವು, ಇವೆಲ್ಲಕ್ಕೂ ಭಾರೀ ಲೆಕ್ಕ ಬೇಕು. ಆದ್ದರಿಂದ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನದವರಿಗೂ ಅವಕಾಶವಿದೆ. ಆದರೆ ಪ್ರೋಗ್ರಾಮಿಂಗ್ ಬರಬೇಕು. ಯಂತ್ರದ ಮುಂದೆಯೇ ಕೂರಬೇಕಿಲ್ಲ. ತಮ್ಮ ಲ್ಯಾಪ್‌ಟಾಪ್‌ನಿಂದ ಲಾಗಿನ್ ಆಗಿ, ಕೆಲಸವನ್ನು ಸರದಿಗೆ ಹಾಕಿ ಕಾಯುತ್ತಾರೆ.

ನಿಜವೋ ಸುಳ್ಳೋ, ಹೀಗೆ ನೋಡಿ

• ಆ ಸಂಸ್ಥೆಯ ಸ್ವಂತ ವೆಬ್‌ಸೈಟ್‌ನಲ್ಲಿ ಪ್ರಕಟಣೆ ಇದೆಯೇ? ಸಂದೇಶದಲ್ಲಿರುವ ಲಿಂಕ್ ಒತ್ತಬೇಡಿ, ನೀವೇ ಹುಡುಕಿ.
• ಪಿಎಚ್‌ಡಿ, ಸಂಶೋಧನೆಯ ವಿಷಯ, ಕೊನೆಯ ದಿನಾಂಕ ಸ್ಪಷ್ಟವಾಗಿವೆಯೇ?
• ಯಾರದೋ ಮೊಬೈಲ್ ನಂಬರಿಗೆ ಹಣ ಕಳಿಸಿ ಎಂದಿದೆಯೇ? ಹಾಗಿದ್ದರೆ ಅಲ್ಲಿಗೇ ಬಿಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸುಳ್ಳು ಸಂದೇಶದಿಂದ ಆಗುವ ನಷ್ಟ ಹಣದ್ದು ಮಾತ್ರವಲ್ಲ. ಇಂಥವನ್ನು ನೋಡಿ ನೋಡಿ ನಿಜವಾದ ಪ್ರಕಟಣೆಯನ್ನೂ ನಂಬದಂತಾಗುತ್ತೇವೆ. ಹಲವು ಫೆಲೋಶಿಪ್‌ಗಳಿಗೆ ವಯಸ್ಸಿನ ಮಿತಿ ಇದೆ. ತಪ್ಪಿಹೋದ ವರ್ಷ ಮರಳಿ ಬಾರದು. ನಿಮ್ಮ ಮನೆಯಲ್ಲಿ ಪಿಎಚ್‌ಡಿ ಮುಗಿಸುತ್ತಿರುವ ಮಗಳೋ ಅಕ್ಕನ ಮಗನೋ ಇದ್ದರೆ, ಫಾರ್ವರ್ಡ್ ಬದಲು ಸಂಸ್ಥೆಯ ಮೂಲ ಪ್ರಕಟಣೆಯನ್ನೇ ಕಳಿಸಿ.