ಗುಹೆಯ ಕಲ್ಲಿನಲ್ಲಿ ಮುಂಗಾರಿನ ಲೆಕ್ಕ

ಮುಂಗಾರು ಕೈಕೊಟ್ಟಾಗಲೆಲ್ಲ ‘ನೂರು ವರ್ಷಗಳಲ್ಲಿ ಕಂಡರಿಯದ ಬರ’ ಎಂಬ ಮಾತು ಕೇಳಿಬರುತ್ತದೆ. ಮಳೆಯ ಚರಿತ್ರೆಯಲ್ಲಿ ನೂರು ವರ್ಷ ದೀರ್ಘ ಕಾಲವೇ ಎಂಬುದು ನನ್ನ ಪ್ರಶ್ನೆ. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ದೇಶದಾದ್ಯಂತ ಮಳೆಮಾಪಕಗಳಿಂದ ಕ್ರಮಬದ್ಧವಾಗಿ ಕಲೆಹಾಕಿದ ಅಂಕಿಅಂಶಗಳ ವಯಸ್ಸು ಒಂದೂವರೆ ಶತಮಾನವಷ್ಟೆ. ಅಣೆಕಟ್ಟೆಯ ಎತ್ತರ, ನಾಲೆಯ ಹರಿವು, ನದಿ ನೀರಿನ ಹಂಚಿಕೆ ಎಲ್ಲಕ್ಕೂ ಈ ಗಿಡ್ಡ ಅಳತೆಗೋಲೇ ನಮಗೆ ಆಧಾರ.

ಇದಕ್ಕಿಂತ ಬಹಳ ಹಳೆಯ ಮಳೆಯ ಕಡತ ಸುಣ್ಣಕಲ್ಲಿನ ಗುಹೆಗಳಲ್ಲಿದೆ. ಮಣ್ಣಿಗಿಳಿದ ಮಳೆನೀರು ಸುಣ್ಣವನ್ನು ಕರಗಿಸಿಕೊಂಡು ಗುಹೆಯ ಚಾವಣಿಯಿಂದ ತೊಟ್ಟಿಕ್ಕುತ್ತದೆ. ಹನಿ ಬಿದ್ದಲ್ಲಿ ಸುಣ್ಣವು ಪದರ ಪದರವಾಗಿ ಕೂಡಿ ನೆಲದಿಂದ ಕಂಬದಂತೆ ಬೆಳೆಯುತ್ತದೆ. ಇದೇ ಸ್ಟ್ಯಾಲಗ್ಮೈಟ್.

ಇದರ ವಯಸ್ಸನ್ನು ಅರಿಯುವ ಉಪಾಯ ಸೊಗಸಾಗಿದೆ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗದು. ಹೀಗಾಗಿ ಹೊಸ ಪದರದಲ್ಲಿ ಲೇಶಮಾತ್ರ ಯುರೇನಿಯಂ ಇದ್ದರೂ ಥೋರಿಯಂ ಇಲ್ಲವೆನ್ನುವಷ್ಟು ಕಡಿಮೆ. ಕಾಲ ಸರಿದಂತೆ ಯುರೇನಿಯಂ ಕ್ಷಯಿಸಿ ಥೋರಿಯಂ–230 ಹುಟ್ಟುತ್ತದೆ. ಎರಡರ ಅನುಪಾತ ಅಳೆದರೆ ಪದರದ ಕಾಲ ತಿಳಿಯುತ್ತದೆ. ರೇಡಿಯೋ ಕಾರ್ಬನ್ ವಿಧಾನ ಸುಮಾರು 50 ಸಾವಿರ ವರ್ಷಗಳಿಗೆ ನಿಂತರೆ, ಇದು ಐದಾರು ಲಕ್ಷ ವರ್ಷಗಳವರೆಗೆ ಸಾಗಬಲ್ಲದು. ಅದೇ ಪದರದ ಆಮ್ಲಜನಕ ಮಳೆಯ ಸುಳಿವು ನೀಡುತ್ತದೆ: ಮುಂಗಾರು ಬಲವಾಗಿದ್ದಾಗ ಭಾರವಾದ ಆಮ್ಲಜನಕ–18ರ ಪ್ರಮಾಣ ಸಾಮಾನ್ಯವಾಗಿ ತಗ್ಗುತ್ತದೆ, ದುರ್ಬಲವಾದಾಗ ಹೆಚ್ಚುತ್ತದೆ.

ಚಿರಾಪುಂಜಿಯ ಬಳಿಯ ಮಾವ್‌ಮ್ಲುಹ್ ಗುಹೆಯ ಸ್ಟ್ಯಾಲಗ್ಮೈಟ್ ಒಂದರಲ್ಲಿ ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕ್ಷೀಣಿಸಿದ ಗುರುತು ಸಿಕ್ಕಿತು. 2018ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ಅದನ್ನೇ ಆಧಾರವಾಗಿಟ್ಟುಕೊಂಡು, ಅಂದಿನಿಂದ ಇಂದಿನವರೆಗಿನ ಭೂಚರಿತ್ರೆಯ ಅವಧಿಗೆ ‘ಮೇಘಾಲಯನ್’ ಎಂದು ಹೆಸರಿಟ್ಟಿತು. ಮೋಡಗಳ ಮನೆಯೆಂಬ ಹೆಸರು ಹೊತ್ತ ನಾಡು ಒಂದು ಬರಗಾಲದ ಸಾಕ್ಷಿಯಾಯಿತು! ಆ ಬರ ಎಷ್ಟು ಹಠಾತ್ತಾಗಿತ್ತು, ಎಷ್ಟು ವ್ಯಾಪಕವಾಗಿತ್ತು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ಒಂದೇ ಗುಹೆಯ ಕಲ್ಲಿನಿಂದ ಇಡೀ ದೇಶದ ಮಳೆಯನ್ನು ಅಳೆಯಲಾಗದು ಎಂಬ ಎಚ್ಚರ ಸರಿಯಾದದ್ದೇ.

ನಮಗೆ ಇನ್ನೂ ಹತ್ತಿರದ ಸಾಕ್ಷ್ಯ ಬಸ್ತರ್ ಸೀಮೆಯ ದಂಡಕ್ ಗುಹೆಯದು. 2007ರಲ್ಲಿ ಪ್ರಕಟವಾದ ಅಧ್ಯಯನವು ಅಲ್ಲಿಂದ ಕ್ರಿ.ಶ. 600ರಿಂದ 1500ರವರೆಗಿನ ಮುಂಗಾರಿನ ಏರಿಳಿತವನ್ನು ಗುರುತಿಸಿತು. 14ನೆಯ ಶತಮಾನದಲ್ಲಿ ದಶಕಗಟ್ಟಲೆ ಮುಂಗಾರು ಸೊರಗಿದ್ದು ಅದರಲ್ಲಿ ಕಾಣುತ್ತದೆ. ಆ ಶತಮಾನದ ಕೊನೆಗೇ ದಖ್ಖನ್ನನ್ನು ‘ದುರ್ಗಾದೇವಿ ಕ್ಷಾಮ’ ಆವರಿಸಿತ್ತು. ಅದು ಹನ್ನೆರಡು ವರ್ಷ ಕಾಡಿತೆಂಬ ನೆನಪು ಪರಂಪರೆಯಲ್ಲಿ ಉಳಿದಿದೆ.

ಒಂದೆರಡು ವರ್ಷದ ಬರವನ್ನು ಜಲಾಶಯಗಳು ತಾಳಿಕೊಳ್ಳಬಹುದು. ದಶಕಗಟ್ಟಲೆಯ ಬರಕ್ಕೆ ನಮ್ಮ ಯೋಜನೆಗಳಲ್ಲಿ ಉತ್ತರವಿದೆಯೇ? ಭೂಮಿಯ ತಾಪ ಏರುತ್ತಿರುವ ಈ ದಿನಗಳಲ್ಲಿ ಗತಕಾಲ ಮರಳಿ ಬರುವುದೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಮುಂಗಾರಿನ ಸ್ವಭಾವದಲ್ಲೇ ಅಂತಹ ದೀರ್ಘ ಕುಸಿತಕ್ಕೆ ಅವಕಾಶವಿದೆ ಎಂಬುದನ್ನು ನೀರಿನ ಲೆಕ್ಕ ಹಾಕುವವರು ಗಮನಿಸಲೇಬೇಕು.

ವಿಷಾದವೆಂದರೆ ಈ ಕಡತಗಳಿರುವ ಸುಣ್ಣಕಲ್ಲೇ ಸಿಮೆಂಟಿನ ಕಚ್ಚಾವಸ್ತು. ಇಂತಹ ಕಂಬ ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಬೆಳೆದರೆ, ಗೇಣುದ್ದವಾಗಲು ಎರಡು ಸಾವಿರ ವರ್ಷ ಬೇಕು. ಗಣಿಗಾರಿಕೆಗೆ ಅನುಮತಿ ನೀಡುವ ಮುನ್ನ ಗುಹೆಗಳನ್ನು ಸಮೀಕ್ಷೆ ಮಾಡಿ ದಾಖಲಿಸುವುದು ಕಡ್ಡಾಯವಾಗಬೇಕು. ಓದುವ ಮೊದಲೇ ಪುಡಿಯಾದ ಕಡತಕ್ಕೆ ಎರಡನೆಯ ಪ್ರತಿಯಿಲ್ಲ.