ಹಸುರು ಅಂಕಣದ ಹದಿನಾಲ್ಕು ದಿನಗಳು

ಆರಿದ್ರಾ ಮಳೆ ಹಿಂದೆ ಸರಿದು ಪುನರ್ವಸು ಹಿಡಿಯುವ ದಿನಗಳಲ್ಲಿ ನಮ್ಮ ನಾಡಿನ ರೈತನು ಮುಗಿಲನ್ನು ನೋಡುತ್ತ ನಿಂತಿರುತ್ತಾನೆ. ಅದೇ ದಿನಗಳಲ್ಲಿ ಲಂಡನ್ ನಗರದ ನೈಋತ್ಯಕ್ಕಿರುವ ವಿಂಬಲ್ಡನ್ನಿನಲ್ಲಿಯೂ ಸಾವಿರಾರು ಜನ ಮುಗಿಲನ್ನೇ ನೋಡುತ್ತ ಕುಳಿತಿರುತ್ತಾರೆ. ಇವನಿಗೆ ಮಳೆ ಬೇಕು, ಅವರಿಗೆ ಬೇಡ. ವರ್ಷಕ್ಕೊಮ್ಮೆ ಬರುವ ಈ ಹದಿನಾಲ್ಕು ದಿನಗಳಲ್ಲಿ ನಾನು ಎರಡು ಪಕ್ಷಕ್ಕೂ ಸೇರಿದವನು. ನಮ್ಮೂರ ಕೆರೆ ತುಂಬಲಿ, ಚರ್ಚ್ ರಸ್ತೆಯ ಹುಲ್ಲಿನ ಮೇಲೆ ಮಾತ್ರ ಹನಿ ಬೀಳದಿರಲಿ ಎಂದು ಏಕಕಾಲಕ್ಕೆ ಬೇಡಿಕೊಳ್ಳುವ ಭಕ್ತನನ್ನು ಯಾವ ದೇವರು ತಾನೇ ಮೆಚ್ಚಿಯಾನು? 2009ರಲ್ಲಿ ಅಲ್ಲಿಯ ಮುಖ್ಯ ಅಂಕಣಕ್ಕೆ ತೆರೆದು ಮುಚ್ಚುವ ಛಾವಣಿ ಬಂದಂದಿನಿಂದ ದೇವರ ಕಷ್ಟ ಅರ್ಧ ಕಡಿಮೆಯಾಗಿದೆ.

ನಾನು ಟೆನಿಸ್ ಆಡಿದವನಲ್ಲ. ರಾಕೆಟ್ಟನ್ನು ಕೈಯಲ್ಲಿ ಹಿಡಿದದ್ದು ಕಾಲೇಜಿನ ಕ್ರೀಡಾ ಕೊಠಡಿಯ ಸಾಮಾನುಗಳನ್ನು ಪಟ್ಟಿಗೆ ತಾಳೆ ನೋಡಬೇಕಾಗಿ ಬಂದಾಗ ಮಾತ್ರ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದೆ, ಲಂಡನ್ನನ್ನು ಕಾಣಲಿಲ್ಲ. ಆದರೂ ಮೊದಲು ವಾಚನಾಲಯದ ಪತ್ರಿಕೆಯ ಕೊನೆಯ ಪುಟದಲ್ಲಿ, ಆಮೇಲೆ ಗೊರಗುಟ್ಟುವ ರೇಡಿಯೋದಲ್ಲಿ, ಅನಂತರ ದೂರದರ್ಶನದಲ್ಲಿ ಈ ಪಂದ್ಯಗಳನ್ನು ಐವತ್ತು ವರ್ಷಗಳಿಂದ ಹಿಂಬಾಲಿಸುತ್ತ ಬಂದಿದ್ದೇನೆ. "ಮೇಷ್ಟ್ರೇ, ಆಡದ ಆಟ, ಕಾಣದ ಊರು, ನಮ್ಮವರಲ್ಲದ ಆಟಗಾರರು. ನಿಮಗೆ ಇದರಲ್ಲಿ ಏನು ಸಿಕ್ಕುತ್ತದೆ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದುಂಟು. ಅಂದು ನಕ್ಕು ಸುಮ್ಮನಾದೆ. ಪ್ರಶ್ನೆ ನಗುವಂಥದಲ್ಲ.

ಮೊದಲು ಹುಲ್ಲಿನ ಮಾತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು ಹುಲ್ಲು ಕತ್ತರಿಸುವ ಯಂತ್ರವನ್ನು ಕಂಡುಹಿಡಿಯದಿದ್ದರೆ, ಗಂಧಕ ಬೆರೆಸಿ ಹದಗೊಳಿಸಿದ ರಬ್ಬರು ಹುಲ್ಲಿನ ಮೇಲೆ ಪುಟಿಯುವ ಚೆಂಡನ್ನು ಕೊಡದಿದ್ದರೆ, ಈ ಆಟವೇ ಇರುತ್ತಿರಲಿಲ್ಲ. 1877ರಲ್ಲಿ 22 ಮಂದಿ ಆಡಿದ ಮೊದಲ ಪಂದ್ಯಾವಳಿಯನ್ನು ಸ್ಪೆನ್ಸರ್ ಗೋರ್ ಗೆದ್ದನು. 1922ರಲ್ಲಿ ಪಂದ್ಯಗಳು ಈಗಿನ ಚರ್ಚ್ ರಸ್ತೆಗೆ ಬಂದವು. ಒಂದು ಕಾಲಕ್ಕೆ ಜಗತ್ತಿನ ನಾಲ್ಕು ಮಹಾಪಂದ್ಯಾವಳಿಗಳಲ್ಲಿ ಮೂರು ಹುಲ್ಲಿನ ಮೇಲೆಯೇ ನಡೆಯುತ್ತಿದ್ದವು. ಅಮೆರಿಕೆಯವರು 1974ರ ಬಳಿಕ, ಆಸ್ಟ್ರೇಲಿಯದವರು 1987ರ ಬಳಿಕ ಹುಲ್ಲನ್ನು ಬಿಟ್ಟರು. ವಿಂಬಲ್ಡನ್ ಒಂದೇ ಉಳಿದುಕೊಂಡಿತು.

ಉಳಿದ ಅಂಕಣಗಳು ನೆಲ, ಇದು ಬೆಳೆ. ಎಂಟು ಮಿಲಿಮೀಟರ್ ಎತ್ತರಕ್ಕೆ ಸಮನಾಗಿ ಕತ್ತರಿಸಿದ ಆ ಹಸುರು ಮೊದಲ ದಿನ ಜಾರುತ್ತದೆ, ಚೆಂಡು ತಗ್ಗಿ ಓಡುತ್ತದೆ. ದಿನ ಕಳೆದಂತೆ ಕಾಲ್ತುಳಿತಕ್ಕೆ ಸಿಕ್ಕಿ ಸವೆದು ಕಂದು ಬಣ್ಣಕ್ಕೆ ತಿರುಗುತ್ತದೆ. ಹಿಂದೆ ಆಟಗಾರರು ಸರ್ವಿಸ್ ಮಾಡಿದೊಡನೆ ಬಲೆಯ ಬಳಿಗೆ ಧಾವಿಸುತ್ತಿದ್ದರು. ಆದ್ದರಿಂದ ಸವೆದ ಜಾಡು ಹಿಂಗೆರೆಯಿಂದ ಬಲೆಯವರೆಗೂ ಹರಿಯುತ್ತಿತ್ತು. 2001ರಿಂದ ಅಂಕಣಕ್ಕೆ ಪೂರ್ಣವಾಗಿ ರೈ ಹುಲ್ಲನ್ನೇ ಬೆಳೆಸತೊಡಗಿದರು. ನೆಲ ಗಟ್ಟಿಯಾಯಿತು, ಚೆಂಡಿನ ಪುಟಿತ ಮೇಲೆದ್ದಿತು, ಆಟಗಾರರು ಹಿಂದೆ ನಿಂತೇ ಆಡುವುದು ರೂಢಿಯಾಯಿತು. ಈಗ ಕಂದು ಬಣ್ಣ ಹಿಂಗೆರೆಯ ಉದ್ದಕ್ಕೆ ಮಾತ್ರ ಕಾಣುತ್ತದೆ. ಎರಡನೆಯ ಭಾನುವಾರದ ಅಂಕಣವನ್ನು ಓದಬಲ್ಲವನಿಗೆ ಒಂದು ತಲೆಮಾರಿನ ಆಟದ ಚರಿತ್ರೆ ಅಲ್ಲಿಯೇ ಬರೆದಿರುತ್ತದೆ.

ಇನ್ನು ನಮ್ಮವರು. ರಾಮನಾಥನ್ ಕೃಷ್ಣನ್ 1954ರಲ್ಲಿ ಅಲ್ಲಿ ಬಾಲಕರ ಪ್ರಶಸ್ತಿಯನ್ನು ಪಡೆದರು. 1960ರಲ್ಲಿ ಸೆಮಿಫೈನಲ್ ತಲಪಿ ನೀಲ್ ಫ್ರೇಸರ್‌ಗೆ ಸೋತರು. ಮರುವರ್ಷ ರಾಯ್ ಎಮರ್ಸನ್‌ನಂಥವನನ್ನು ಮಣಿಸಿ ಮತ್ತೆ ಸೆಮಿಫೈನಲ್ ತಲಪಿ ರಾಡ್ ಲೇವರ್‌ಗೆ ಸೋತರು. ಎರಡು ಸಲವೂ ಅವರನ್ನು ಗೆದ್ದವನೇ ಆ ವರ್ಷದ ವಿಜೇತನಾದನು. ವಿಜಯ್ ಅಮೃತರಾಜ್ 1973ರ ಕ್ವಾರ್ಟರ್‌ಫೈನಲ್ಲಿನಲ್ಲಿ ಯಾನ್ ಕೊಡೆಸ್‌ನೊಡನೆ ಐದು ಸೆಟ್ ಕಾದಾಡಿ ಸೋತಾಗ ನಾನು ಹುಡುಗ. 1981ರಲ್ಲಿ ಅವರು ಜಿಮ್ಮಿ ಕಾನರ್ಸ್‌ನ ಮೇಲೆ ಮೊದಲೆರಡು ಸೆಟ್ ಗೆದ್ದು, ಉಳಿದ ಮೂರನ್ನು ಬಿಟ್ಟುಕೊಟ್ಟ ಸುದ್ದಿಯನ್ನು ಓದಿದ ದಿನ ಊಟ ರುಚಿಸಲಿಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2013, 2015, 2023 ಹೀಗೆ ಮೂರು ಸಲ ಡಬಲ್ಸ್ ಸೆಮಿಫೈನಲ್ಲಿನವರೆಗೆ ನಡೆದು ಮೂರು ಸಲವೂ ಅಲ್ಲಿಯೇ ನಿಂತರು. 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಅವರು ಆಸ್ಟ್ರೇಲಿಯದ ಡಬಲ್ಸ್ ಪ್ರಶಸ್ತಿಯನ್ನು ಗೆದ್ದಾಗ ಹಳೆಯ ಮೂರು ಸೋಲುಗಳೂ ನನ್ನ ಲೆಕ್ಕದಲ್ಲಿ ಸಂದಾಯವಾದವು.

ನಮ್ಮವರೆಂಬ ಅಭಿಮಾನ ಇಷ್ಟನ್ನು ವಿವರಿಸುತ್ತದೆ, ನಿಜ. ಆದರೆ ನಮ್ಮವರಲ್ಲದವರ ಸೋಲು ಏಕೆ ತಟ್ಟಬೇಕು?

1993ರ ಮಹಿಳೆಯರ ಅಂತಿಮ ಪಂದ್ಯವನ್ನು ನಮ್ಮ ಮನೆಯಲ್ಲಿ ನಾನೂ ನನ್ನ ತಾಯಿಯೂ ಕೂಡಿ ನೋಡಿದೆವು. ಅಮ್ಮನಿಗೆ ಇಂಗ್ಲಿಷ್ ಬಾರದು, ಆಟದ ನಿಯಮ ತಿಳಿಯದು. ಯಾನಾ ನವೊಟ್ನಾ ಎಂಬ ಜೆಕ್ ಹುಡುಗಿ ಮಹಾ ಆಟಗಾರ್ತಿ ಸ್ಟೆಫಿ ಗ್ರಾಫ್‌ಳ ಎದುರು ಕೊನೆಯ ಸೆಟ್ಟಿನಲ್ಲಿ 4-1ರಿಂದ ಮುಂದಿದ್ದಳು. ಇನ್ನೊಂದು ಪಾಯಿಂಟ್ ಬಂದಿದ್ದರೆ 5-1. ಆಗ ಅವಳ ಎರಡು ಸರ್ವಿಸ್‌ಗಳೂ ತಪ್ಪಿದವು. ಅಲ್ಲಿಂದ ಮುಂದೆ ಒಂದು ಗೇಮ್ ಕೂಡ ಅವಳಿಗೆ ಒಲಿಯಲಿಲ್ಲ. ಬಹುಮಾನ ಕೊಡಲು ಬಂದಿದ್ದ ಕೆಂಟ್‌ನ ಡಚೆಸ್ ಏನೋ ಮೆಲ್ಲನೆ ನುಡಿದದ್ದೇ ತಡ, ಆ ಹುಡುಗಿ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. "ಅಯ್ಯೋ, ಯಾರ ಮನೆಯ ಮಗುವೋ" ಎಂದು ಅಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು. ಗೆದ್ದವಳ ಹೆಸರನ್ನು ಅವಳು ಕೇಳಲೂ ಇಲ್ಲ. ಮುಂದಿನ ಎರಡು ವರ್ಷ ಜೂನ್ ತಿಂಗಳು ಬಂದರೆ, "ಆ ಅತ್ತ ಹುಡುಗಿ ಈ ಸಲ ಬಂದಿದ್ದಾಳೇನೋ?" ಎಂದು ವಿಚಾರಿಸುತ್ತಿದ್ದಳು.

1996ರಲ್ಲಿ ಅಮ್ಮ ತೀರಿಕೊಂಡಳು. 1997ರಲ್ಲಿ ನವೊಟ್ನಾ ಮತ್ತೆ ಅಂತಿಮ ಪಂದ್ಯಕ್ಕೆ ಬಂದು ಮತ್ತೆ ಸೋತಳು. 1998ರಲ್ಲಿ ಗೆದ್ದಳು. ಅದೇ ಡಚೆಸ್ ಅವಳ ಕೈಗೆ ತಟ್ಟೆಯನ್ನಿತ್ತರು. ಅಂದು ಸಂಜೆ ಆ ಸುದ್ದಿಯನ್ನು ಹೇಳಲೇಬೇಕಾಗಿದ್ದ ವ್ಯಕ್ತಿ ಮನೆಯಲ್ಲಿರಲಿಲ್ಲ. 2017ರಲ್ಲಿ, 49ರ ವಯಸ್ಸಿಗೇ, ನವೊಟ್ನಾ ಕ್ಯಾನ್ಸರಿನಿಂದ ಮೃತಳಾದಳೆಂದು ಓದಿದಾಗ ಬಂಧುವೊಬ್ಬರ ಸಾವಿನಂತೆಯೇ ಆಯಿತು.

ಪರರ ಶೋಕ ನಮ್ಮದಾಗುವುದನ್ನು ನಮ್ಮ ಅಲಂಕಾರಿಕರು ಸಾಧಾರಣೀಕರಣವೆಂದು ಕರೆದರು. ಭಟ್ಟನಾಯಕನ ಆ ಮಾತನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ರನ್ನನ ದುರ್ಯೋಧನನಿಗಾಗಿ ಮರುಗುವ ಕನ್ನಡಿಗನಿಗೆ ಸೋತವನ ಮೇಲಿನ ಪ್ರೀತಿ ಹೊಸತೂ ಅಲ್ಲ. ಆದರೆ ಒಂದು ತೊಡಕುಂಟು. ನಾಟಕ ಮುಗಿದ ಮೇಲೆ ನಟನು ಬಣ್ಣ ತೊಳೆದು ಮನೆಗೆ ಹೋಗಿ ಉಣ್ಣುತ್ತಾನೆ. ಅವನ ದುಃಖ ಪರದೆಯ ಈಚೆಗೆ ಮಾತ್ರ. ಟೆನಿಸ್ ಅಂಕಣದಲ್ಲಿ ಪರದೆಯಿಲ್ಲ. 2008ರ ಅಂತಿಮ ಪಂದ್ಯ ಮಳೆಯಿಂದ ಮತ್ತೆ ಮತ್ತೆ ನಿಂತು, ಐದನೆಯ ಸೆಟ್ಟಿನಲ್ಲಿ 9-7ರಿಂದ ನಡಾಲ್‌ನ ಪಾಲಾದಾಗ ನಮ್ಮಲ್ಲಿ ರಾತ್ರಿ ಒಂದೂವರೆ ದಾಟಿತ್ತು. ಅಲ್ಲಿ ನಿಂತಿದ್ದ ಫೆಡರರ್‌ನ ಮುಖ ಅಭಿನಯವಲ್ಲ. 2019ರಲ್ಲಿ ಅದೇ ಫೆಡರರ್, 8-7, 40-15ರಲ್ಲಿ, ಪ್ರಶಸ್ತಿಯಿಂದ ಒಂದೇ ಪಾಯಿಂಟ್ ದೂರದಲ್ಲಿ ಎರಡು ಸಲ ನಿಂತು ಎರಡನ್ನೂ ಕಳೆದುಕೊಂಡನು. ಒಟ್ಟು ಪಾಯಿಂಟುಗಳನ್ನು ಎಣಿಸಿದರೆ ಅವನದು 218, ಜೊಕೊವಿಚ್‌ನದು 204. ಹೆಚ್ಚು ಗಳಿಸಿದವನು ಸೋತನು. ಈ ಆಟದ ಗಣಿತ ಬಾಳಿನ ಗಣಿತದಂತೆಯೇ: ಎಷ್ಟು ಗಳಿಸಿದೆ ಎಂಬುದಲ್ಲ, ಯಾವ ಹೊತ್ತಿನಲ್ಲಿ ಗಳಿಸಿದೆ ಎಂಬುದು ಮುಖ್ಯ.

ಹಾಗಾದರೆ ಬದುಕಿರುವ ಮನುಷ್ಯನ ನಿಜವಾದ ನೋವನ್ನು ಕಾಫಿ ಕುಡಿಯುತ್ತ ಸವಿಯುವ ನಾವು ಯಾವ ಬಗೆಯ ಸಹೃದಯರು? ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿದೆ. ಗೆಲುವು ಸೋಲುಗಳನ್ನು ಒಂದೇ ಬಗೆಯಾಗಿ ಕಾಣಬೇಕೆಂದು ಗೀತೆ ಹೇಳುತ್ತದೆ; ಅದೇ ಅರ್ಥದ ಕಿಪ್ಲಿಂಗ್ ಕವಿಯ ಎರಡು ಸಾಲುಗಳನ್ನು ಮುಖ್ಯ ಅಂಕಣಕ್ಕೆ ಆಟಗಾರರು ಹೋಗುವ ಬಾಗಿಲ ಮೇಲೆ ಬರೆದಿದ್ದಾರೆ. ಅದು ಆಡುವವರಿಗೆ ಹೇಳಿದ ಮಾತು. ನೋಡುವವನೂ ಸ್ಥಿತಪ್ರಜ್ಞನಾದರೆ ಸೋತವನ ಪಾಲಿಗೆ ಯಾರು ಉಳಿದರು? ಗೆದ್ದವರ ಹೆಸರನ್ನು ಕೆತ್ತಿಡುವುದಕ್ಕೆ ಸಂಘವಿದೆ, ಬೆಳ್ಳಿಯಿದೆ. ಸೋತವರ ಆಟವನ್ನು ಕಾಪಾಡಿಡುವುದಕ್ಕೆ ಪ್ರೇಕ್ಷಕನ ನೆನಪಲ್ಲದೆ ಬೇರೆ ಹಲಗೆಯಿಲ್ಲ. ನಾವು ಪಡೆದ ಸುಖಕ್ಕೆ ನಾವು ತೆರಬೇಕಾದ ಕಂದಾಯ ಅದು ಎಂದು ನಾನು ತಿಳಿದಿದ್ದೇನೆ. ಆಟದ ಅಕ್ಷರ ತಿಳಿಯದ ನನ್ನ ತಾಯಿ ಆ ಕಂದಾಯವನ್ನು ವರ್ಷ ತಪ್ಪದೆ ಸಲ್ಲಿಸಿದಳು.

ಪುರುಷರ ಸಿಂಗಲ್ಸ್‌ಗೆ 128 ಮಂದಿ ಇಳಿಯುತ್ತಾರೆ, ಮಹಿಳೆಯರಲ್ಲಿಯೂ ಅಷ್ಟೇ. ಹದಿನಾಲ್ಕು ದಿನ ಕಳೆಯುವ ಹೊತ್ತಿಗೆ ಎರಡರಲ್ಲಿಯೂ 127 ಮಂದಿ ಸೋತಿರುತ್ತಾರೆ. ಗೆದ್ದವನನ್ನು ಮಾತ್ರ ನೆನೆಯುವವನು ಒಬ್ಬನನ್ನು ಬಲ್ಲ. ನನಗೆ ಇದರಲ್ಲಿ ಏನು ಸಿಕ್ಕಿತೆಂದು ಕೇಳಿದ ಆ ವಿದ್ಯಾರ್ಥಿಗೆ ಈಗ ಹೇಳಬಲ್ಲೆ: ನೂರಾರು ಜನ ಸೋತವರ ಪರಿಚಯ ಸಿಕ್ಕಿತಪ್ಪಾ. ಪರೀಕ್ಷೆಯ ಫಲಿತಾಂಶದ ದಿನ ಕಾಲೇಜಿನ ಮೆಟ್ಟಿಲ ಮೇಲೆ ಒಬ್ಬನೇ ಕುಳಿತ ಹುಡುಗನ ಪಕ್ಕದಲ್ಲಿ ಏನೂ ಮಾತನಾಡದೆ ಹೋಗಿ ಕೂರುವುದು ಹೇಗೆಂಬುದನ್ನು ಅವರು ಕಲಿಸಿದರು.