ಇಪ್ಪತ್ತೈದು ಅಕ್ಷರಗಳ ಕೀಲಿಕೈ

ದಾಂಡೇಲಿ ಎಂದೊಡನೆ ಕಾಗದದ ನೆನಪಾಗುವುದು ಸಹಜ. ಕಾಳೀ ನದಿಯ ದಂಡೆಯ ಮೇಲೆ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಕಾಗದದ ಉತ್ಪಾದನೆಯನ್ನು ಆರಂಭಿಸಿತು. ಅಂದಿನಿಂದ ಈ ಊರಿಗೂ ಕಾಗದಕ್ಕೂ ಬಿಡಿಸಲಾಗದ ನಂಟು. ಹೀಗಿದ್ದೂ ಇದೇ ಊರಿನಲ್ಲಿ, ನೆರೆಯ ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ, ಒಂದು ತುಂಡು ಕಾಗದದ ಮೇಲೆ ಬರೆದಿಡದ ಕಾರಣಕ್ಕಾಗಿಯೇ ಕಳೆದುಹೋಗುವ ವಸ್ತುವೊಂದಿದೆ. ಅದು ಗಣಕಯಂತ್ರದ ತಂತ್ರಾಂಶದ ಪರವಾನಗಿ ಸಂಖ್ಯೆ. ತಂತ್ರಾಂಶವನ್ನು ಹೊತ್ತು ಬಂದ ಸಿ.ಡಿ. ಬಹುಶಃ ಕಪಾಟಿನ ಮೂಲೆಯಲ್ಲಿ ಎಲ್ಲೋ ಇದ್ದೀತು. ಅದರ ಸಂಖ್ಯೆ ಅಚ್ಚಾಗಿದ್ದ ಹೊದಿಕೆ ಮಾತ್ರ ಇರಲಾರದು.

ಈ ಸೀಮೆಯ ಜನ ಬೀಗಕ್ಕೆ ಕೀಲಿ ಎನ್ನುತ್ತಾರೆ, ಅದನ್ನು ತೆರೆಯುವುದಕ್ಕೆ ಕೀಲಿಕೈ ಎನ್ನುತ್ತಾರೆ. ಪರವಾನಗಿ ಸಂಖ್ಯೆಗೆ ಇದಕ್ಕಿಂತ ಒಪ್ಪುವ ಹೆಸರನ್ನು ಹುಡುಕಬೇಕಾಗಿಲ್ಲ. ಮೊದಮೊದಲು ಈ ಕೀಲಿಕೈ ಬಹು ಸರಳವಾಗಿತ್ತು. ವಿಂಡೋಸ್ 95ರ ಅಂಗಡಿ ಪ್ರತಿಯಲ್ಲಿ ಮೂರು ಅಂಕೆಗಳು, ಒಂದು ಅಡ್ಡಗೆರೆ, ಮತ್ತೆ ಏಳು ಅಂಕೆಗಳು. ಆ ಏಳು ಅಂಕೆಗಳನ್ನು ಕೂಡಿದರೆ ಬರುವ ಮೊತ್ತ ಏಳರಿಂದ ಭಾಗವಾಗಬೇಕೆಂಬುದೇ ಮುಖ್ಯ ಪರೀಕ್ಷೆ. ಇಂಥ ಕೀಲಿಯನ್ನು ತೆರೆಯಲು ನುರಿತ ಕಳ್ಳನು ಬೇಕಿರಲಿಲ್ಲ. ಏಳರ ಮಗ್ಗಿ ಬಲ್ಲ ಹುಡುಗ ಸಾಕಾಗಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬರುವ ವೇಳೆಗೆ ಕೀಲಿಕೈ ಇಪ್ಪತ್ತೈದು ಅಕ್ಷರಗಳಷ್ಟು ಉದ್ದವಾಗಿತ್ತು. ಅದಕ್ಕಾಗಿ ಆರಿಸಿಕೊಂಡ ಚಿಹ್ನೆಗಳು ಇಪ್ಪತ್ನಾಲ್ಕೇ. ಇಂಗ್ಲಿಷಿನ ಸ್ವರಗಳೈದನ್ನೂ ಸೊನ್ನೆ, ಒಂದು, ಐದು ಎಂಬ ಅಂಕೆಗಳನ್ನೂ ಕೈಬಿಡಲಾಗಿತ್ತು. ಸೊನ್ನೆಯನ್ನು ‘ಓ’ ಎಂದೂ ಒಂದನ್ನು ‘ಐ’ ಎಂದೂ ಓದುವ ಭ್ರಾಂತಿ ಇದರಿಂದ ತಪ್ಪಿತು. ಆದರೆ ‘ಬಿ’ ಮತ್ತು 8, ‘ಜಿ’ ಮತ್ತು 6 ಉಳಿದುಕೊಂಡವು. ಮಾಸಿದ ಚೀಟಿಯನ್ನು ಬೆಳಕಿಗೆ ಹಿಡಿದು ಓದುವಾಗ ಕಾಡುವುದು ಈ ಜೋಡಿಗಳೇ.

ಕಳೆದರೆ ಇನ್ನೊಂದನ್ನು ಕೊಂಡರಾಯಿತು, ಹಣವೊಂದೇ ತಾನೇ ನಷ್ಟ ಎಂದು ವಾಚಕರು ಭಾವಿಸಬಹುದು. ಲೆಕ್ಕಪತ್ರದ ತಂತ್ರಾಂಶದ ಮಟ್ಟಿಗೆ ಆ ಮಾತು ಬಹುತೇಕ ನಿಜ. ಕನ್ನಡದ ಅಕ್ಷರ ಜೋಡಣೆಯ ಮಟ್ಟಿಗೆ ಅದು ನಿಜವಲ್ಲ.

ಮೊಳೆಗಳನ್ನು ಜೋಡಿಸುತ್ತಿದ್ದ ಅಚ್ಚಿನ ಮನೆಗಳು ಡಿ.ಟಿ.ಪಿ. ಕೇಂದ್ರಗಳಾಗಿ ಮಾರ್ಪಟ್ಟ ಕಾಲದಲ್ಲಿ ಗಣಕಯಂತ್ರಕ್ಕೆ ತಾನಾಗಿ ಕನ್ನಡ ಬರುತ್ತಿರಲಿಲ್ಲ. ಯೂನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತಾದರೂ ವಿಂಡೋಸ್ ಅದನ್ನು ಅರಿತದ್ದು ಎಕ್ಸ್‌ಪಿಯ ಕಾಲಕ್ಕೆ. ಅಲ್ಲಿಯವರೆಗೆ ಪುಣೆಯ ಶ್ರೀಲಿಪಿಯಂಥ ತಂತ್ರಾಂಶಗಳೇ ಗತಿ. ಅವು ಹೂಡಿದ ಉಪಾಯ ಜಾಣ್ಮೆಯದು. ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಕೂರಿಸಿದವು. ಯಂತ್ರದ ತಿಳಿವಳಿಕೆಯಲ್ಲಿ ಅದು ರೋಮನ್ನೇ. ಕಣ್ಣಿಗೆ ಮಾತ್ರ ಕನ್ನಡ. ಯಾವ ಮನೆಯಲ್ಲಿ ಯಾವ ಅಕ್ಷರವನ್ನು ಕೂರಿಸಬೇಕೆಂಬುದನ್ನು ಒಂದೊಂದು ಸಂಸ್ಥೆ ಒಂದೊಂದು ಬಗೆಯಲ್ಲಿ ನಿರ್ಧರಿಸಿತು. ಆದಕಾರಣ ಒಂದರಲ್ಲಿ ಬೆರಳಚ್ಚಾದುದನ್ನು ಮತ್ತೊಂದು ಓದದು. ಮೂಲ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಂತೆ.

ಕೀಲಿಯಾದರೋ ಬರಿಯ ಸಂಖ್ಯೆಯಲ್ಲಿರಲಿಲ್ಲ. ಡಾಂಗಲ್ ಎಂಬ ಬೆರಳುದ್ದದ ತುಂಡೊಂದನ್ನು ಯಂತ್ರದ ಹಿಂಬದಿಯಲ್ಲಿ, ಪ್ರಿಂಟರಿಗಾಗಿ ಇದ್ದ ಇಪ್ಪತ್ತೈದು ತೂತುಗಳ ಕಿಂಡಿಗೆ ಸಿಕ್ಕಿಸಬೇಕಾಗಿತ್ತು. ಅದು ಅಲ್ಲಿಲ್ಲದಿದ್ದರೆ ತಂತ್ರಾಂಶ ಏಳುತ್ತಿರಲಿಲ್ಲ. ಇಂದಿನ ಯಂತ್ರಗಳಲ್ಲಿ ಆ ಕಿಂಡಿಯೇ ಕಾಣಸಿಗುವುದು ಅಪರೂಪ. ಹದಿನಾರು ಬಿಟ್‌ಗಳ ಹಳೆಯ ತಂತ್ರಾಂಶವಾದರಂತೂ ಅರವತ್ನಾಲ್ಕು ಬಿಟ್‌ಗಳ ವಿಂಡೋಸ್‌ನಲ್ಲಿ ನಡೆಯುವುದೇ ಇಲ್ಲ. ಸಿ.ಡಿ. ಇದ್ದು ಡಾಂಗಲ್ ಇಲ್ಲ, ಡಾಂಗಲ್ ಇದ್ದು ಕಿಂಡಿಯಿಲ್ಲ, ಎರಡೂ ಇದ್ದು ಸಂಖ್ಯೆ ಮರೆತಿದೆ. ಮೂರರಲ್ಲಿ ಒಂದು ತಪ್ಪಿದರೂ ಫಲ ಒಂದೇ.

ಸಣ್ಣ ಊರುಗಳ ಡಿ.ಟಿ.ಪಿ. ಕೇಂದ್ರಗಳಲ್ಲಿ ಆ ದಿನಗಳಲ್ಲಿ ಅಕ್ಷರರೂಪ ತಳೆದುದು ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರಗಳಷ್ಟೇ ಅಲ್ಲ. ಸಹಕಾರಿ ಸಂಘಗಳ ವರದಿಗಳು, ಶಾಲೆಗಳ ಸ್ಮರಣಸಂಚಿಕೆಗಳು, ಊರ ದೇವಸ್ಥಾನದ ಚರಿತ್ರೆ, ನಿವೃತ್ತ ಮಾಸ್ತರರು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ಕವನಸಂಕಲನ. ಇವಕ್ಕೆ ದೊಡ್ಡ ಪ್ರಕಾಶಕರೂ ಇಲ್ಲ, ಗ್ರಂಥಾಲಯದ ಆಸರೆಯೂ ಕಡಿಮೆ. ಅಚ್ಚಾದ ಕೆಲವೇ ಪ್ರತಿಗಳು ಬಂಧುಬಳಗದಲ್ಲಿ ಹಂಚಿಹೋಗಿ, ಇಪ್ಪತ್ತು ವರ್ಷಗಳ ಮೇಲೆ ಮಕ್ಕಳೋ ಮೊಮ್ಮಕ್ಕಳೋ ಮರುಮುದ್ರಣ ಬಯಸಿ ಬಂದಾಗ ಕಡತವೇನೋ ಸಿಗುತ್ತದೆ, ಓದಲು ಬಾರದು. ಸತ್ತವರ ಕವಿತೆ ಕಣ್ಣೆದುರಿಗಿದ್ದೂ ಕೈಗೆ ಸಿಗದ ಸ್ಥಿತಿ ಅದು.

ಉಚಿತ ತಂತ್ರಾಂಶಗಳು ಈ ಸಂಕಟವನ್ನು ಬಹುಮಟ್ಟಿಗೆ ಕಡಿಮೆ ಮಾಡಿದುವು ಎಂಬುದನ್ನು ಒಪ್ಪಲೇಬೇಕು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ‘ಬರಹ’ ಮೊದಲ ವರ್ಷಗಳಲ್ಲಿ ಉಚಿತವಾಗಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಗೂ ಬೆಲೆಯಿರಲಿಲ್ಲ. ಇವುಗಳಲ್ಲಿ ಬೆರಳಚ್ಚಾದುದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇಂದು ಸುಲಭವಾಗಿ ದೊರೆಯುತ್ತವೆ.

ಮುಂಡಗೋಡಿನಲ್ಲಿ ಇದೇ ಕಥೆ ಇನ್ನೊಂದು ಲಿಪಿಯಲ್ಲಿದೆ. 1966ರಲ್ಲಿ ಅಲ್ಲಿ ಟಿಬೆಟನ್ನರ ವಸತಿ ಏರ್ಪಟ್ಟಿತು. ಡ್ರೆಪುಂಗ್, ಗಾಂಡೆನ್ ಎಂಬ ಮಹಾವಿಹಾರಗಳು ಅಲ್ಲಿ ನೆಲೆಗೊಂಡವು. ಗ್ರಂಥಪಾಠವೇ ಜೀವಾಳವಾದ ಸಮುದಾಯವದು. ಟಿಬೆಟನ್ ಲಿಪಿ ಯೂನಿಕೋಡಿನಲ್ಲಿ ಸ್ಥಿರವಾದುದು 1996ರಲ್ಲಿ. ವಿಂಡೋಸ್ ಅದಕ್ಕೆ ಅಕ್ಷರಗಳನ್ನು ಒದಗಿಸಿದುದು ಅದಕ್ಕೂ ಹತ್ತು ವರ್ಷಗಳ ಅನಂತರ, ವಿಸ್ಟಾದೊಡನೆ. ನಡುವಿನ ಕಾಲದಲ್ಲಿ ಆ ಲಿಪಿಗೂ ಬೇರೆ ಬೇರೆ ಅಕ್ಷರಮಾಲೆಗಳೇ ಆಧಾರವಾಗಿದ್ದವು. ತಾಯ್ನಾಡಿನಿಂದ ಹೊತ್ತು ತಂದ ಗ್ರಂಥಗಳ ಬೆಲೆ ಬಲ್ಲವರಿಗೆ ಈ ತೊಡಕನ್ನು ವಿವರಿಸಿ ಹೇಳಬೇಕಾಗಿಲ್ಲ.

ಜೋಯಿಡಾದ ಕಷ್ಟ ಮಳೆಯದು, ದೂರದ್ದು. ಕಾಡಿನ ನಡುವಿನ ಆ ತಾಲೂಕಿನಲ್ಲಿ ಮಳೆಗಾಲದ ತೇವ ಕಪಾಟಿನೊಳಗೂ ಇಳಿಯುತ್ತದೆ. ಸಿ.ಡಿ.ಯ ಹೊಳೆಯುವ ಕೆಳಮೈಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ವಾಸ್ತವವಾಗಿ ಅದರ ಲೋಹದ ಪದರವಿರುವುದು ಹೆಸರು ಬರೆಯುವ ಮೇಲ್ಮೈಗೆ ತೀರ ಹತ್ತಿರ, ತೆಳುವಾದ ಅರಗಿನ ಲೇಪದ ಕೆಳಗೆ. ಬಾಲ್‌ಪೆನ್ನಿನಿಂದ ಒತ್ತಿ ಹೆಸರು ಬರೆದರೆ ಗಾಯವಾಗುವುದು ಅಲ್ಲಿಯೇ. ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ಬಂದ ಸಿ.ಡಿ.ಯೊಂದರ ಲೋಹವನ್ನು ಬೂಷ್ಟು ತಿಂದುಹಾಕಿದ್ದುದನ್ನು 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ಪ್ರಕಟಪಡಿಸಿದರು. ಬೆಲೀಜಿನ ಹವೆಯೂ ಬಿಸಿ, ತೇವಗಳದೇ. ಇನ್ನು ದೂರದ ಕಷ್ಟ. ಎಕ್ಸ್‌ಪಿಯನ್ನು ಸ್ಥಾಪಿಸಿದ ಮೂವತ್ತು ದಿನಗಳೊಳಗೆ ಅದನ್ನು ಸಕ್ರಿಯಗೊಳಿಸಬೇಕಾಗಿತ್ತು. ಅಂತರ್ಜಾಲವಿಲ್ಲದವರು ದೂರವಾಣಿಯಲ್ಲಿ ಐವತ್ತು ಅಂಕೆಗಳನ್ನು ಒಪ್ಪಿಸಿ, ಅತ್ತಣಿಂದ ನಲವತ್ತೆರಡು ಅಂಕೆಗಳನ್ನು ಬರೆದುಕೊಳ್ಳಬೇಕು. ಸಂಪರ್ಕ ಕ್ಷಣಕ್ಷಣಕ್ಕೆ ಕಡಿದುಹೋಗುವ ಹಳ್ಳಿಯಲ್ಲಿ ಇದೊಂದು ಸಣ್ಣ ತಪಸ್ಸೇ ಸರಿ. ಸೂಪಾ ಊರು ಜಲಾಶಯದಲ್ಲಿ ಮುಳುಗಿ ಕಚೇರಿಗಳು ಜೋಯಿಡಾಕ್ಕೆ ಬಂದ ತಾಲೂಕು ಇದು. ನೆಲೆ ಬದಲಿಸುವಾಗ ಯಾವುದು ಗಾಡಿ ಏರುತ್ತದೆ, ಯಾವುದು ಉಳಿದುಬಿಡುತ್ತದೆ ಎಂಬುದು ಇಲ್ಲಿಯ ಹಿರಿಯರಿಗೆ ಗೊತ್ತು.

ಮಾರಿದ ಸಂಸ್ಥೆಯೇ ಬಾಗಿಲು ಮುಚ್ಚುವುದೂ ಉಂಟು. ಪುಟ ಕಟ್ಟಲು ಕನ್ನಡದ ಮುದ್ರಕರು ಬಹುಕಾಲ ನೆಚ್ಚಿದ್ದ ಪೇಜ್‌ಮೇಕರ್ 2001ರ ಏಳನೆಯ ಆವೃತ್ತಿಗೇ ನಿಂತಿತು. ಅದನ್ನು ಮಾರುತ್ತಿದ್ದ ಅಡೋಬಿ ಸಂಸ್ಥೆ ಸಿ.ಎಸ್.2 ಎಂಬ ತನ್ನ ಬೇರೊಂದು ತಂತ್ರಾಂಶ ಮಾಲೆಯನ್ನು ಸಕ್ರಿಯಗೊಳಿಸುವ ವ್ಯವಸ್ಥೆಯನ್ನು ನಿಲ್ಲಿಸಿದಾಗ, ಅದರ ಅಗತ್ಯವಿಲ್ಲದ ಪ್ರತಿಗಳನ್ನೂ ಸಂಖ್ಯೆಗಳನ್ನೂ ಹಳೆಯ ಗ್ರಾಹಕರಿಗಾಗಿ ಒದಗಿಸಿತು. ಅಷ್ಟು ಸೌಜನ್ಯವನ್ನು ಎಲ್ಲರಿಂದ ನಿರೀಕ್ಷಿಸಲಾಗದು.

ಹಾಗೆಂದು ಕದ್ದ ಪ್ರತಿಯನ್ನು ಬಳಸುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಾದ ತಿದ್ದುಪಡಿಯಂತೆ, ತಿಳಿದೂ ತಿಳಿದು ಅಂಥ ಪ್ರತಿಯನ್ನು ಬಳಸಿ ವ್ಯಾಪಾರ ನಡೆಸಿದವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ಅದೇ ಕಾಯಿದೆ, ನ್ಯಾಯವಾಗಿ ಪಡೆದವನು ನಷ್ಟದ ಭಯದಿಂದ ಕಾಪು ಪ್ರತಿಯನ್ನು ಮಾಡಿಟ್ಟುಕೊಳ್ಳಲು ಅನುಮತಿಯನ್ನೂ ಕೊಡುತ್ತದೆ. ಮೊದಲನೆಯದನ್ನು ಕೇಳಿ ಹೆದರುವವರು ಬಹಳ. ಎರಡನೆಯದನ್ನು ಬಳಸಿಕೊಂಡವರು ಕಡಿಮೆ.

ಮಾಡಬೇಕಾದುದು ಹೆಚ್ಚೇನಿಲ್ಲ. ದಪ್ಪ ರಟ್ಟಿನ ಒಂದು ಖಾತೆಪುಸ್ತಕ ಸಾಕು. ತಂತ್ರಾಂಶದ ಹೆಸರು, ಆವೃತ್ತಿ, ಸಂಖ್ಯೆ, ಕೊಂಡ ದಿನ, ಬಿಲ್ಲು, ನೋಂದಣಿಗೆ ಕೊಟ್ಟ ಇ-ಮೇಲ್ ವಿಳಾಸ, ಯಾವ ಯಂತ್ರದಲ್ಲಿದೆ ಎಂಬುದಿಷ್ಟನ್ನು ದುಂಡಗಿನ ಅಕ್ಷರದಲ್ಲಿ ಬರೆಯಬೇಕು. ಯಂತ್ರದೊಡನೆಯೇ ಬಂದ ವಿಂಡೋಸ್‌ನ ಕೀಲಿಕೈ ಮೊದಲು ಡಬ್ಬದ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತಿತ್ತು. ಲ್ಯಾಪ್‌ಟಾಪಿನ ಹೊಟ್ಟೆಯಡಿಯ ಚೀಟಿ ಬಿಸಿಗೂ ಬೆವರಿಗೂ ಬೇಗ ಅಳಿಯುತ್ತದೆ. ಹಳಿಯಾಳದ ಸಂತೆಗೆ ಹಳೆಯ ಯಂತ್ರವನ್ನು ಮಾರಲು ಒಯ್ಯುವವನು ಆ ಚೀಟಿಯೂ ಯಂತ್ರದ ಜತೆಗೇ ಹೋಗುವುದೆಂಬುದನ್ನು ನೆನಪಿಡಬೇಕು. 2012ರ ವಿಂಡೋಸ್ 8ರಿಂದೀಚೆಗೆ ಅಂಥ ಯಂತ್ರಗಳ ಕೀಲಿಕೈ ಒಳಗಿನ ಫಲಕದಲ್ಲಿಯೇ ಅಡಗಿರುತ್ತದೆ. ಸಿ.ಡಿ.ಗಳ ಪೂರ್ಣ ನಕಲನ್ನು ಹಾರ್ಡ್‌ಡಿಸ್ಕಿಗೆ ತೆಗೆದು, ಅಂಥ ಎರಡು ಡಿಸ್ಕುಗಳನ್ನು ಎರಡು ಮನೆಗಳಲ್ಲಿ ಇಡುವುದು ಲೇಸು. ಡಾಂಗಲನ್ನು ಖಾತೆಪುಸ್ತಕದೊಡನೆ ಒಂದೇ ಚೀಲದಲ್ಲಿ ಕಟ್ಟಿಡಬಹುದು.

ಇಷ್ಟಾದ ಮೇಲೆ, ಹಳೆಯ ಕಿಂಡಿಯುಳ್ಳ ಯಂತ್ರವೊಂದು ಇನ್ನೂ ಉಸಿರಾಡುತ್ತಿದ್ದರೆ, ಅದನ್ನು ಗುಜರಿಗೆ ಹಾಕುವ ಮುನ್ನ ಒಂದು ಕೆಲಸ ಬಾಕಿಯಿದೆ. ಅದರಲ್ಲಿರುವ ಕನ್ನಡ ಕಡತಗಳನ್ನು ಒಂದೊಂದಾಗಿ ತೆರೆದು ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರ, ಅರ್ಕಾವತ್ತುಗಳು ಸ್ಥಳ ತಪ್ಪಿಲ್ಲವೆಂದು ಅಚ್ಚಾದ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿ ನೋಡಬೇಕು. ಮಾಸ್ತರರ ಕವನಸಂಕಲನವೊಂದಕ್ಕೆ ಎರಡು ಸಂಜೆಗಳು ಸಾಕು.